ಬಚ್ಚನ ಸ್ಕ್ರೂ ಸ್ಪ್ಯಾನರ್

ಬ್ರಹ್ಮಾವರದ ಪ್ರೇಮಾನಂದನಿಗೆ ಹಳೇ ಸ್ಪ್ಯಾನರಿನ ಹುಚ್ಚು ಎಂದು ಊರೆಲ್ಲ ಹೇಳುತ್ತಿತ್ತು. ಊರಿಗೇನು ಗೊತ್ತು? ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಕಬ್ಬಿಣದ ತುಂಡು. ಅದು ಇದ್ದದ್ದು ಬೈಂದೂರಿನಲ್ಲಿ, ಅಣ್ಣ ಕುಷ್ಟನ ಮನೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗಿಂತ ಮುಂಚೆಯೇ ಅಲ್ಲಿರಬಹುದು. ಆದರೆ ಹೋಗಿ ಬಾಯಿಬಿಟ್ಟು ಕೇಳಬೇಕಲ್ಲ! ಅದೊಂದು ಅವನಿಂದ ಆಗುವ ಕೆಲಸವಾಗಿರಲಿಲ್ಲ.

ಶುರುವಾದದ್ದು ತೊಂಬತ್ತೇಳರಲ್ಲಿ, ಅಪ್ಪ ಬಚ್ಚ ತೀರಿಕೊಂಡ ವರ್ಷ. ಬಚ್ಚ ಗಂಗೊಳ್ಳಿ ಬಂದರಿನ ದಕ್ಕೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಮಕ್ಕಳಿಬ್ಬರೂ ಅವನ ಪೆಟ್ಟಿಗೆ ತೆರೆದು ಕೂತರು. ಸುತ್ತಿಗೆ, ಚಾಣ, ಇಕ್ಕಳ, ರಿಂಗ್ ಸ್ಪ್ಯಾನರು ಎಲ್ಲ ತಕರಾರಿಲ್ಲದೆ ಪಾಲಾದವು. ಕಡೆಗೆ ಉಳಿದದ್ದು ಒಂದು ಸ್ಕ್ರೂ ಸ್ಪ್ಯಾನರ್. ತಿರುಪು ತಿರುಗಿಸಿದರೆ ದವಡೆ ಜಾರಿ ಬಾಯಿ ದೊಡ್ಡದು ಚಿಕ್ಕದು ಆಗುತ್ತದಲ್ಲ, ಅದು. ಬಚ್ಚ ಪ್ರಾಯದಲ್ಲಿ ಬೊಂಬಾಯಿಯಿಂದ ತಂದದ್ದು. ಅವನ ಕೈಯ ಎಣ್ಣೆ, ಬೆವರು ಕುಡಿದು ಹಿಡಿಯೆಲ್ಲ ಕಪ್ಪಗೆ ಹೊಳೆಯುತ್ತಿತ್ತು.

"ಅಪ್ಪಯ್ಯ ಇದನ್ನ ನಂಗ್ ಕೊಡ್ತೆ ಅಂದಿದ್ರ್" ಎಂದ ಪ್ರೇಮಾನಂದ.

"ನಂಗೂ ಅಂದಿದ್ರ್" ಎಂದ ಕುಷ್ಟ.

ಇಬ್ಬರಿಗೂ ಹೇಳಿದ್ದಿರಬಹುದು. ಎರಡು ಗ್ಲಾಸು ಹೊಟ್ಟೆಗೆ ಬಿದ್ದರೆ ಬಚ್ಚ ಮಹಾ ಧಾರಾಳಿ. ಮಾತಿಗೆ ಮಾತು ಬೆಳೆಯಿತು. ಕುಷ್ಟ ತಿರುಪನ್ನು ಕೊನೆಯವರೆಗೆ ತಿರುಗಿಸಿ, ದವಡೆಯನ್ನೇ ಕಳಚಿ ಕಿಸೆಗೆ ಹಾಕಿಕೊಂಡು, "ಹಿಡಿ ನಿಂಗೆ, ದವಡೆ ನಂಗೆ. ಪಾಲ್ ಸಮ ಆಯ್ತಲೆ" ಎಂದು ಎದ್ದು ನಡೆದ. ಅವತ್ತಿಗೆ ಅಣ್ಣತಮ್ಮಂದಿರ ಮಾತು ನಿಂತಿತು.

ದವಡೆಯಿಲ್ಲದ ಹಿಡಿ ಯಾರಿಗೆ ಬೇಕು? ಪ್ರೇಮಾನಂದನಿಗೆ ಬ್ರಹ್ಮಾವರದಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿಯಿತ್ತು. ಅವನು ಒಂದು ಲೆಕ್ಕ ಹಾಕಿದ. ಇಡೀ ಜಿಲ್ಲೆಯಲ್ಲಿ ಇಂಥ ದವಡೆ ಅಣ್ಣನೊಬ್ಬನ ಹತ್ತಿರವೇ ಇರುವುದಾ? ಹುಡುಕಿದರೆ ಸಿಗದೆ ಎಲ್ಲಿಗೆ ಹೋಗುತ್ತದೆ? ಕುಂದಾಪುರದ ಗುಜರಿ ಅಂಗಡಿಯ ಪಾಂಡುವಿಗೆ ಹೇಳಿಟ್ಟ. ಪಾಂಡು ಕೊಕ್ಕರ್ಣೆಯ ಮುಚ್ಚಿದ ಅಕ್ಕಿ ಮಿಲ್ಲಿನದ್ದು ಒಂದು, ಸಾಲಿಗ್ರಾಮದ ಲಾರಿ ಶೆಡ್ಡಿನದ್ದು ಒಂದು ಎಂದು ತೆಗೆದಿಡತೊಡಗಿದ. ಬರೀ ದವಡೆ ಯಾರು ಮಾರುತ್ತಾರೆ? ಇಡೀ ಸ್ಪ್ಯಾನರನ್ನೇ ತರಬೇಕು. ತಂದು ಚಿಮಿಣಿ ಎಣ್ಣೆಯಲ್ಲಿ ನೆನೆಸಿ, ತುಕ್ಕು ಉಜ್ಜಿ, ದವಡೆ ಬಿಚ್ಚಿ ಅಪ್ಪನ ಹಿಡಿಗೆ ತೂರಿಸಿ ನೋಡುವುದು. ಒಂದು ದಪ್ಪ, ಇನ್ನೊಂದು ಸಪೂರ, ಮತ್ತೊಂದರ ಹಲ್ಲು ತಿರುಪಿಗೆ ಕಚ್ಚುವುದಿಲ್ಲ. ತಂದದ್ದನ್ನು ಬಿಸಾಡಲು ಮನಸ್ಸು ಬಾರದೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ.

"ಕಡೆಗ್ ಅದ್ ಕೂತ್ತಾ?" ಎಂದು ಪಾಂಡು ಪ್ರತಿ ಸಲ ಕೇಳುತ್ತಿದ್ದ.

"ಇಲ್ಲ ಮಾರಾಯ. ಬೇರೆ ಇದ್ರೆ ಕಾಣ್."

ಜಗಲಿಯ ಗೋಡೆ ತುಂಬಿ ಚಾವಡಿಯ ಗೋಡೆಗೂ ಮೊಳೆ ಬಿದ್ದಾಗ ಹೆಂಡತಿ ವನಜಳ ತಾಳ್ಮೆ ಮುಗಿಯಿತು. "ಹ್ವಾಯ್, ಮಂಡೆ ಸಮ ಇತ್ತಾ ನಿಮ್ದ್? ಒಂದ್ಸಲ ಬೈಂದೂರಿಗ್ ಹೋಯ್ ಕೇಂಬುಕೆ ಎಂತ ದಾಡಿ?"

"ಕೇಂಬುದಾ? ಅವ್ನ ಹತ್ರ? ಸತ್ರೂ ಇಲ್ಲ."

ಒಂದು ಸಲ ಸಿದ್ದಾಪುರದ ರಬ್ಬರ್ ತೋಟದಿಂದ ಬಂದ ದವಡೆ ಹತ್ತಿರಹತ್ತಿರ ಬಂತು. ಕೂದಲೆಳೆಯಷ್ಟು ದಪ್ಪ, ಅಷ್ಟೆ. ಅದರ ಉಕ್ಕು ಎಷ್ಟು ಉಜ್ಜಿದರೂ ಅರಕ್ಕೆ ಜಗ್ಗಲಿಲ್ಲ. ಪ್ರೇಮಾನಂದನಿಗೆ ರೇಗಿತು. ಅಪ್ಪನ ಹಿಡಿಯನ್ನೇ ಮೇಜಿನ ವೈಸಿಗೆ ಸಿಕ್ಕಿಸಿ, ದವಡೆ ಜಾರುವ ಜಾಡಿಗೆ ಒಂದಿಷ್ಟು ಅರ ಹಾಕಿದ. ಆದರೂ ಕೂರಲಿಲ್ಲ. ಮುಂದಿನ ಮಳೆಗಾಲ ಇನ್ನೊಂದು ದವಡೆ, ಇನ್ನಷ್ಟು ಅರ. ಹೀಗೇ ವರ್ಷಗಳು ಹೋದವು.

ಎರಡು ಸಾವಿರದ ಹನ್ನೊಂದರಲ್ಲಿ ಪತ್ರಿಕೆಯವರೊಬ್ಬರು ಬಂದು ಗೋಡೆ ನೋಡಿ ದಂಗಾದರು. ಈ ಹವ್ಯಾಸ ಹೇಗೆ ಬಂತು ಎಂದು ಕೇಳಿದರು. ಸಣ್ಣಂದಿನಿಂದಲೂ ಆಸಕ್ತಿ ಎಂದು ಪ್ರೇಮಾನಂದ ಹಸಿಸುಳ್ಳು ಹೇಳಿದ. ಒಳಗೆ ವನಜ ಪಾತ್ರೆ ಕುಕ್ಕಿದಳು. ಫೋಟೋ ಚೆನ್ನಾಗಿಯೇ ಬಂತು. ಅವನ ತಲೆಯ ಮೇಲೆ, ಎಲ್ಲದಕ್ಕಿಂತ ಎತ್ತರದ ಮೊಳೆಯಲ್ಲಿ, ಬಚ್ಚನ ಸ್ಪ್ಯಾನರ್ ದವಡೆಯಿಲ್ಲದೆ ನೇತಾಡುತ್ತಿತ್ತು.

ಮರುವಾರ ಅಂಗಳದಲ್ಲಿ ಕುಷ್ಟ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಬಂಗುಡೆಯ ಪ್ಲಾಸ್ಟಿಕ್ ತೊಟ್ಟೆ.

"ಅಯ್ಯೋ ಭಾವ, ಬನ್ನಿ, ಕೂಕಣಿ" ಎಂದು ವನಜ ಮೀನಿನ ತೊಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಕುಷ್ಟ ಗೋಡೆಯ ಕಡೆ ನೋಡುತ್ತಲೇ ಹೇಳಿದ. "ಪೇಪರಂಗೆ ಕಂಡೆ. ಅಪ್ಪಯ್ಯಂದ್ ಹಾಂಗೆ ನೇತಾಡುದ್ ಕಂಡ್ ನಂಗೆ ಅನ್ನ ಸೇರ್ಲಿಲ್ಲ." ಕಿಸೆಯಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ದವಡೆಗೆ ಹನಿ ತುಕ್ಕೂ ಹಿಡಿದಿರಲಿಲ್ಲ. ಆಯುಧಪೂಜೆಯ ಗಂಧ ಕುಂಕುಮ ಸಂದಿನಲ್ಲಿ ಒಣಗಿ ಕೂತಿತ್ತು. "ತಕೋ. ನಂಗ್ ಇನ್ ಎಂತಕೆ ಇದ್?"

ಪ್ರೇಮಾನಂದನಿಗೆ ಮೊದಲು ಆದದ್ದು ಖುಷಿಯೇ. ಸ್ಟೂಲು ಹತ್ತಿ ಸ್ಪ್ಯಾನರಿಗೆ ಕೈ ಹಾಕಿದಾಗಲೇ ಅವನಿಗೆ ಅರದ ನೆನಪಾದದ್ದು. ಏನಾದರೂ ಹೇಳುವ ಮೊದಲೇ ಕುಷ್ಟ ಅದನ್ನು ತೆಗೆದುಕೊಂಡು ದವಡೆ ತೂರಿಸಿದ. ದವಡೆ ಲೊಡಲೊಡ ಅಲ್ಲಾಡಿ ನೆಲಕ್ಕೆ ಬಿತ್ತು. ಹೆಕ್ಕಿ ಮತ್ತೆ ಹಾಕಿದ. ಮತ್ತೆ ಬಿತ್ತು.

"ಎಂತ ಇದ್? ನಾನ್ ಎಣ್ಣೆ ಹಾಕಿಯೇ ಇಟ್ಟದ್ದಲ್ದಾ?" ಎನ್ನುತ್ತ ಕುಷ್ಟ ಜಾಡಿನೊಳಗೆ ಹೆಬ್ಬೆರಳು ಆಡಿಸಿದ. ಅವನೂ ಬಚ್ಚನ ಮಗನೇ. ಬೆರಳು ಅರದ ಗೀರುಗಳ ಮೇಲೆ ನಿಂತಿತು.

"ಅರ ಹಾಕಿದ್ಯಾ?"

"ಹಾಕ್ದೆ. ಬೇರೆ ದವಡೆ ಕೂರ್ಸುಕೆ."

ಕುಷ್ಟ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಇಷ್ಟೂ ಅದ್ಕೇಯಾ?"

ಪ್ರೇಮಾನಂದ ತಲೆ ಆಡಿಸಿದ. ಆಮೇಲೆ ಕೇಳಿದ, "ನಾನ್ ಬಂದ್ ಕೇಂಡಿದ್ರೆ ಕೊಡ್ತಿದ್ಯಾ ಅಣ್ಣ?"

"ಮರುವರ್ಷವೇ ಕೊಡ್ತಿದ್ದೆ ಮಾರಾಯ. ಈ ಬದಿಯ ಬಸ್ ನಿಂತಾಗೆಲ್ಲ ನೀನ್ ಇಳಿತ್ಯಾ ಅಂತ ಕಾಂತಿದ್ದೆ."

"ಮತ್ತೆ ನಿಮ್ಗೆ ಬಸ್ ಹತ್ತುಕೆ ಎಂತ ಆಯ್ತ್ ಭಾವ?" ಎಂದು ಅಡುಗೆಮನೆಯಿಂದ ವನಜ ಕೇಳಿದಳು.

ಕುಷ್ಟ ಬಂಗುಡೆ ಸಾರಿನ ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಟ. ಪ್ರೇಮಾನಂದ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಬಿಟ್ಟುಬಂದ. ಮನೆಗೆ ಬಂದು ಹಿಡಿಯ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು ದವಡೆಯನ್ನು ಬೇರೆಯಾಗಿ ನೇತುಹಾಕಿದ.

ತಿಂಗಳು ಕಳೆದು ಪಾಂಡು ಫೋನ್ ಮಾಡಿದ. "ಹ್ವಾಯ್, ಒಳ್ಳೇ ಹಳೇದೊಂದ್ ಬಂದಿತ್ತ್. ಬತ್ರಿಯಾ?"

"ಬೇಡ ಪಾಂಡು. ಅದ್ರ ದವಡೆಯೇ ಸಿಕ್ತ್."

"ಹೌದಾ! ಕಡೆಗ್ ಕೂತ್ತಾ ಮರ್ರೆ?"

"ಇಲ್ಲ" ಎಂದು ಪ್ರೇಮಾನಂದ ಫೋನ್ ಇಟ್ಟ.