ಮೊದಲ ಗುಟುಕು

ಹಾಲಿನ ಹನಿ ಚಮಚದ ಅಂಚಿನಲ್ಲೇ ನಿಂತಿದೆ, ಬೀಳಬಾರದೇ, ತಾಯಿ ನನ್ನತ್ತ ತಿರುಗಿ ನೀವೇ ಕುಡಿಸಿ ಡಾಕ್ಟ್ರಮ್ಮ ಅನ್ನುತ್ತಾಳೆ, ನಾನು ಕೋಟಿನ ಜೇಬಿನಿಂದ ಕೈ ತೆಗೆಯುವುದಿಲ್ಲ, ನೀನೇ ಕುಡಿಸಮ್ಮ, ನಿನ್ನ ಮಗಳಲ್ವಾ — ಎಂಥ ಮಗಳು, ಹುಟ್ಟಿದಾಗ ಅನ್ನನಾಳ ಎರಡು ತುಂಡು, ಮೇಲಿನ ತುಂಡಿಗೆ ಮುಂದೆ ದಾರಿಯೇ ಇಲ್ಲ, ತನ್ನ ಜೊಲ್ಲನ್ನೂ ನುಂಗಲಾರದ ಕೂಸು, ಅದನ್ನು ಜೋಡಿಸಿದವಳು ನಾನು, ಎಕ್ಸ್‌ರೇಯಲ್ಲಿ ಸೋರಿಕೆ ಕಾಣಲಿಲ್ಲ, ನಿಜ, ಆದರೆ ಎಕ್ಸ್‌ರೇ ಹಾಲು ಕುಡಿಯುತ್ತದೆಯೇ, ಹೊಲಿಗೆ ಬಿಟ್ಟರೆ ಹಾಲು ಎದೆಯೊಳಗೆ, ಆಮೇಲೆ — ಬೇಡ, ಅದು ಬೇಡ. ಬಾಗಿಲ ಬಳಿ ಮೇಡಂ ನಿಂತಿದ್ದಾರೆ, ನನ್ನ ಗುರು, ಕಲಿಯುವವರೆಲ್ಲ ಬೆನ್ನ ಹಿಂದೆ ಕರೆಯುವ ಇಕ್ಕಳಜ್ಜಿ, ತಪ್ಪು ಮಾಡಿದ ಬೆರಳಿಗೆ ಇಕ್ಕಳದಲ್ಲಿ ಟಕ್ಕೆಂದು ತಟ್ಟುವವರು, ದೊಡ್ಡವರ ಹೊಟ್ಟೆ ಕೊಯ್ದು ಹೊಲಿದು ಬೀಗುತ್ತಾ ಬಂದಿದ್ದ ನನ್ನನ್ನು, ಕೂಸಿನ ನಾಳ ಇಷ್ಟೇ ಮೆದು ಎಂದು, ಒದ್ದೆ ಟಿಶ್ಯೂ ಕಾಗದ ಹೊಲಿಯಲು ಕೂರಿಸಿದವರು, ತಿಂಗಳುಗಟ್ಟಲೆ, ಗಂಟು ಬಿಗಿದರೆ ಕಾಗದ ಹರಿಯುತ್ತಿತ್ತು, ಹರಿದರೆ ಹೊಸ ಕಾಗದ, ಮನೆಯಲ್ಲಿ ಗಂಡ, ಕಾಗದ ಹೊಲಿಯೋಕೆ ಇಷ್ಟೆಲ್ಲ ಓದ್ಬೇಕಿತ್ತಾ ಎಂದು ನಕ್ಕಿದ್ದ, ನನಗೆ ಮೈಯೆಲ್ಲ ಉರಿದಿತ್ತು.

ಆಮೇಲೆ ಆಪರೇಷನ್ನಿನ ದಿನ, ಕೂಸಿಗೆ ಚಳಿಯಾಗಬಾರದೆಂದು ಕಾಯಿಸಿದ ಕೋಣೆ, ಮಾಸ್ಕಿನೊಳಗೆ ಬೆವರು, ಕೊನೆಯ ಹೊಲಿಗೆ, ಎಲ್ಲಿ ಬಿಟ್ಟುಕೊಳ್ಳುತ್ತದೋ ಎಂಬ ಹೆದರಿಕೆಗೆ ದಾರವನ್ನು ಕೊಂಚ ಜಾಸ್ತಿಯೇ ಎಳೆದೆ, ನೋಡಲು ಚೆಂದವಾಗಿಯೇ ಕೂತಿತ್ತು, ಬಿಚ್ಚು ಅಂದರು ಮೇಡಂ, ಚೆನ್ನಾಗಿದೆಯಲ್ಲ ಮೇಡಂ ಅಂದೆ, ಅಂಚು ಬೆಳ್ಳಗಾಗಿದೆ ನೋಡು, ಅಲ್ಲಿಗೆ ರಕ್ತ ಹೋಗ್ತಿಲ್ಲ, ನೀನು ಬಿಗಿದ್ರೆ ಅದು ಸಾಯುತ್ತೆ ಕಣೇ, ಬರೀ ಮುಟ್ಟಿಸು, ಅಂಟಿಕೊಳ್ಳೋ ಕೆಲಸ ಅದೇ ಮಾಡ್ಕೊಳ್ಳುತ್ತೆ — ಬಿಚ್ಚಿದೆ, ಮತ್ತೆ ಹಾಕಿದೆ, ಸಡಿಲವಾಗಿ, ಜೀವ ಬಾಯಿಗೆ ಬಂದಿತ್ತು, ಅಂಚು ಮೆಲ್ಲಗೆ ಕೆಂಪೇರಿತು, ಅವತ್ತು ಅವರು ಗದರದೇ ಇದ್ದಿದ್ದರೆ, ಆ ಹಾಳು ಕಾಗದ ಹೊಲಿಸದೇ ಇದ್ದಿದ್ದರೆ, ಈ ಋಣ ಯಾವ ಜನ್ಮಕ್ಕೆ ತೀರೀತು ಮೇಡಂ, ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ, ಹೇಳಹೋದರೆ ಸಾಕು ಸಾಕು, ಕೂಸು ನೋಡು ಅಂತೀರಿ — ನೋಡುತ್ತಿದ್ದೇನೆ, ಹನಿ ತುಟಿಗೆ ಬಿತ್ತು, ನಾಲಿಗೆ ಹೊರಬಂತು, ಚಪ್ಪರಿಸಿತು, ಕೆಮ್ಮಬೇಡ ಪುಟ್ಟಿ, ನೀಲಿಯಾಗಬೇಡ, ಕತ್ತಿನ ಮಡಿಕೆ ಅಲುಗಿತು, ಅಲುಗಿತೇ, ಇನ್ನೊಂದು ಚಮಚ ಹಾಕಮ್ಮ, ಅದೋ, ಕತ್ತಿನ ಮಡಿಕೆ, ಗುಳಕ್, ಕೆಮ್ಮಿಲ್ಲ, ತುಟಿ ಕೆಂಪಗೇ ಇದೆ, ಇನ್ನೂ ಬೇಕೆಂದು ಬಾಯಿ ತೆರೆಯುತ್ತಿದೆ, ಮೇಡಂ, ಇಳಿಯುತ್ತಿದೆ, ಕತ್ತಿನ ಮಡಿಕೆ ಏರಿತು, ಇಳಿಯಿತು, ಏರಿತು, ಕತ್ತಿನ ಮಡಿಕೆ —