ಬೆಳ್ಳಗೆ ಕಂಡದ್ದು

ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ, ಉಳಿದೆರಡು ಏನು ಪಾಪ ಮಾಡಿದ್ದವೋ, ಕಾಲು ಸಡಿಲ ಬಿಡಿ ದಿವ್ಯಾ ಎನ್ನುತ್ತಾರೆ ಡಾಕ್ಟರ್ ರುಬೀನಾ, ಬಿಡುತ್ತೇನೆ, ಹನ್ನೆರಡು ವರ್ಷ ಮೂಡಿಗೆರೆ–ಕಳಸ ಬಸ್ಸಿನ ಕಂಡಕ್ಟರ್ ನಾನು, ಕೊಟ್ಟಿಗೆಹಾರದ ತಿರುವುಗಳಲ್ಲಿ ಕಂಬಿ ಹಿಡಿಯದೆ ಟಿಕೆಟ್ ಕೊಟ್ಟವಳು, ಆಸ್ಪತ್ರೆಯ ಈ ಮೇಜಿಗೆ ಹೆದರುತ್ತೇನೆಯೇ — ತಣ್ಣನೆಯ ಲೋಹ ಒಳಗೆ ಸರಿಯುತ್ತದೆ, ಉಸಿರು ಬಿಡಿ, ಬಿಟ್ಟೆ. ಅವತ್ತು ಬಸ್ ಡಿಪೋದಲ್ಲಿ ಹೆಂಗಸರಿಗೆಂದು ನಡೆದ ಕ್ಯಾನ್ಸರ್ ತಪಾಸಣೆಯ ಕ್ಯಾಂಪಿನಲ್ಲೂ ಹೀಗೆಯೇ ಮಲಗಿದ್ದೆ, ವಿನೆಗರಿನಂಥ ಹುಳಿ ವಾಸನೆಯ ನೀರಿನಲ್ಲಿ ಹತ್ತಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚಿದರು, ಒಂದು ನಿಮಿಷ ಕಾದರು, ಇಲ್ಲೊಂದು ಕಡೆ ಬೆಳ್ಳಗಾಗಿದೆ ಅಂದರು ನರ್ಸಮ್ಮ, ಬೆಳ್ಳಗಾದ್ರೆ ಒಳ್ಳೇದಲ್ವಾ ಅಂದೆ, ಅವರು ನಗಲಿಲ್ಲ. ಆಮೇಲೆ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ರಿಪೋರ್ಟ್ ಹಿಡಿದು ಇದೇ ಡಾಕ್ಟರು, ಇದು ಕ್ಯಾನ್ಸರ್ ಅಲ್ಲ ದಿವ್ಯಾ, ಹಾಗೇ ಬಿಟ್ರೆ ಮುಂದೆ ಯಾವತ್ತೋ ಆಗ್ಬಹುದು, ಈಗ್ಲೇ ತೆಗೆದುಬಿಡೋಣ, ಸಂಜೆಗೆ ಮನೆ ಸೇರ್ತೀರಿ. ಅಲ್ಲ ಅನ್ನುವ ಆ ಒಂದು ಮಾತು ಸಾಕಾಯಿತು ನನಗೆ, ಇವರಿಗೆ ಸಾಕಾಗಲಿಲ್ಲ, ದೇವೇಂದ್ರ, ನನ್ನ ಗಂಡ, ಜಾವಳಿ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಯಾರಿಂದ ಬಂತು ಇದು ಎಂದು ಕೇಳಿಯೇಬಿಟ್ಟರು, ಡಾಕ್ಟರು ಸಿಟ್ಟಾಗಲಿಲ್ಲ, ಇದೊಂದು ವೈರಸ್, ಮದುವೆಯಾದ ಹೆಚ್ಚಿನವ್ರಿಗೆ ಯಾವಾಗಾದ್ರೂ ತಗಲುತ್ತೆ, ಬಹಳ ಜನಕ್ಕೆ ತಾನಾಗೇ ಹೋಗುತ್ತೆ, ಯಾವಾಗ ಯಾರಿಂದ ಅಂತ ಯಾರೂ ಹೇಳೋಕಾಗಲ್ಲ. ಇವರು ತಲೆ ತಗ್ಗಿಸಿದರು, ದಾರಿಯಲ್ಲಿ ಮಾತ್ರ, ಯಾರಿಗೂ ಹೇಳ್ಬೇಡ ಮಾರಾಯ್ತಿ, ಜನ ಏನೇನೋ ತಿಳ್ಕೊಳ್ತಾರೆ.

ಅಕ್ಕನೂ ಯಾರಿಗೂ ಹೇಳಿರ್ಲಿಲ್ಲ ಅಂದೆ. ಹೊರನಾಡಿನ ಲಾಡ್ಜಿನಲ್ಲಿ ಚಾದರ ಒಗೆಯುತ್ತಿದ್ದಳು ಅಕ್ಕ, ಎರಡು ವರ್ಷ ತನ್ನ ರಕ್ತದ ಬಟ್ಟೆಯನ್ನೂ ಅದೇ ಕಲ್ಲಿನ ಮೇಲೆ ಒಗೆದು ಯಾರ ಕಣ್ಣಿಗೂ ಬೀಳದಂತೆ ಒಣಗಿಸಿದಳು, ಕೊನೆಗೆ ಆಸ್ಪತ್ರೆಗೆ ಹೊತ್ತು ತಂದಾಗ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಒಳಗೆಲ್ಲ ಹಬ್ಬಿತ್ತು, ಅಕ್ಕ ಉಳಿಯಲಿಲ್ಲ. ಹಾಗಾಗಿ ನಾನು ಹೇಳಿದೆ, ಡಿಪೋದಲ್ಲಿ, ಎಲ್ಲರೆದುರು, ಕ್ಯಾಂಪಿನ ಸಾಲಿನಿಂದ ಮೆಲ್ಲನೆ ಜಾರಿಕೊಂಡಿದ್ದ ಇನ್ನೊಬ್ಬ ಕಂಡಕ್ಟರ್ ಕವನಾ ಮರುದಿನ ಬಂದು ನಂಗೂ ಮಾಡಿಸ್ಬೇಕು ಅಕ್ಕಾ ಅಂದಳು, ಮಾಡಿಸಿಕೊಂಡಳು, ಅವಳಿಗೆ ಏನೂ ಇಲ್ಲ. ಇವತ್ತು ಇವರೇ ಎಸ್ಟೇಟಿನ ಜೀಪು ಕೇಳಿ ತಂದಿದ್ದಾರೆ, ಎಂತಕ್ಕೆ ಅಂದ ಮಾಲೀಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ, ಹೇಳುವಾಗ ಕಿವಿ ಕೆಂಪಾಗಿತ್ತೋ ಏನೋ, ಕೇಳಬೇಕು. ಮರಗಟ್ಟಿಸುವ ಸೂಜಿ ಚುಚ್ಚಿತು, ಇಷ್ಟೇನಾ, ಯಂತ್ರ ಗುಂಯ್ ಎನ್ನುತ್ತದೆ, ಸುಟ್ಟ ವಾಸನೆ, ಅದು ನನ್ನದೇ, ಹೊಟ್ಟೆಯ ತಳ ಒಮ್ಮೆ ಹಿಂಡಿ ಬಿಟ್ಟಿತು, ಮುಗೀತು ದಿವ್ಯಾ, ಬೆಳ್ಳಗಿದ್ದದ್ದು ಕಣ್ಣಿಗೆ ಕಂಡಷ್ಟೂ ಬಂದಿದೆ, ರಿಪೋರ್ಟ್ ನೋಡೋಣ, ಆರು ತಿಂಗಳಿಗೆ ಮತ್ತೆ ಬನ್ನಿ, ತಪ್ಪಿಸಬೇಡಿ — ತಪ್ಪಿಸುವುದಿಲ್ಲ, ಆರು ತಿಂಗಳ ಮಾತು ಮೊದಲೇ ಹೇಳಿದ್ದರಲ್ಲ, ಆ ದಿನಕ್ಕೂ ಮೊನ್ನೆಯೇ ರಜೆ ಚೀಟಿ ಬರೆದು ಕೊಟ್ಟಾಗಿದೆ. ನೋಡ್ತೀರಾ ಎಂದು ಒಂದು ಪುಟ್ಟ ಬಾಟಲಿ ಎತ್ತಿ ಹಿಡಿಯುತ್ತಾರೆ, ನೀರಿನಂಥ ದ್ರವದಲ್ಲಿ ಅಡಿಕೆ ಹೋಳಿನಷ್ಟು ಮಾಂಸ, ಇಷ್ಟೇನಾ ಡಾಕ್ಟ್ರೇ, ಇಷ್ಟೇ, ಇಷ್ಟಕ್ಕೆ ಅಕ್ಕ — ಅಡಿಕೆ ಹೋಳಿನಷ್ಟು, ಮೆಲ್ಲಗೆ ತಿರುಗುತ್ತಿದೆ, ತಿರುಗಿ, ತಳಕ್ಕೆ ಕೂತಿತು.