ದನಿ ಇಲ್ಲದ ಪ್ರತಿ

ಪತ್ರಿಕೆಯಲ್ಲಿ ಬಂದ ವಿಮರ್ಶೆಯನ್ನು ನನ್ನ ತಮ್ಮ ಗಟ್ಟಿಯಾಗಿ ಓದುತ್ತಿದ್ದ, ನಾನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದೆ. ನಮ್ಮ ರಾಕ್ ತಂಡದ ಹಿಂದಿನ ಎರಡು ಆಲ್ಬಮ್‌ಗಳನ್ನು ತಗಡು ಬಡಿಯುವ ಸದ್ದು ಎಂದು ಮೂಲೆಗೆ ತಳ್ಳಿದ್ದ ಪತ್ರಿಕೆ ಅದು. ಈ ಸಲ ಹೊಗಳಿಕೆಯೋ ಹೊಗಳಿಕೆ. ಗಿಟಾರು ಗೋಡೆ ಕೆಡವುತ್ತದಂತೆ, ಡ್ರಮ್ಮು ಎದೆಯೊಳಗೇ ಬಡಿಯುತ್ತದಂತೆ. ಡ್ರಮ್ಮು ತಮ್ಮನದು, ಅವನ ಮುಖ ಅರಳಿತ್ತು. ಹಾಡುವವಳು ನಾನು. ನನ್ನ ಸರದಿ ಬರಲೆಂದು ಕಾದೆ.

ಓದುತ್ತ ಓದುತ್ತ ಅವನ ದನಿ ಇಳಿಯಿತು. ಒಂದು ಮಾತೂ ಹಾಡದೆ ಬರೀ ಅಬ್ಬರದಲ್ಲೇ ಕತೆ ಹೇಳಿದ್ದು ಈ ತಂಡದ ದೊಡ್ಡ ಗೆಲುವು ಎಂದಿತ್ತು ಕೊನೆಯ ಸಾಲು.

ಇಡೀ ಆಲ್ಬಮ್ ಗಂಟಲು ಹರಿಯುವಂತೆ ಕೂಗಿದವಳು ನಾನು. ಮೂಗಿನ ತುದಿಯಲ್ಲೇ ಇರುವ ನನ್ನ ಕೋಪ ನೆತ್ತಿಗೇರಿತು.

ನಮ್ಮಲ್ಲೊಂದು ಪದ್ಧತಿಯಿದೆ. ಆಲ್ಬಮ್ ಮುಗಿದ ಮೇಲೆ ಒಬ್ಬೊಬ್ಬರಿಗೂ ಅವರವರ ಭಾಗ ತೆಗೆದ ಒಂದು ಪ್ರತಿ ಮಾಡುತ್ತೇವೆ, ಅದರ ಜೊತೆ ಮನೆಯಲ್ಲಿ ಅಭ್ಯಾಸ ಮಾಡಲು. ನನ್ನ ಪ್ರತಿಯಲ್ಲಿ ನನ್ನ ದನಿ ಇರುವುದಿಲ್ಲ. ಬಿಡುಗಡೆಗೆ ಮೊದಲೇ ವಿಮರ್ಶಕರಿಗೆ ಆಲ್ಬಮ್ ಕಳಿಸುವ ಕೆಲಸ ತಮ್ಮನದು. ಅವನು ಕಳಿಸಿದ್ದು ನನ್ನ ಪ್ರತಿಯನ್ನು. ಮದುಮಗಳೇ ಇಲ್ಲದ ಮದುವೆಗೆ ಹೋಗಿ ಚಪ್ಪರ ಚೆನ್ನಾಗಿದೆ ಎಂದು ಬಂದಿದ್ದರು ಆ ಮಹಾನುಭಾವರು.

ಬೇರೆ ಪತ್ರಿಕೆಗಳನ್ನೂ ತೆರೆದು ನೋಡಿದೆವು. ಎಲ್ಲರದೂ ಅದೇ ರಾಗ.

ಅಷ್ಟರಲ್ಲಿ ಆಲ್ಬಮ್ ಹೊರತರುವ ಕಂಪನಿಯವನ ಫೋನು ಬಂತು. ತಮ್ಮ ಸ್ಪೀಕರ್ ಹಾಕಿದ. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡುವವನು ಆತ. ತಪ್ಪು ಆದದ್ದು ಆಯಿತು, ಒಳ್ಳೆಯದಕ್ಕೇ ಆಯಿತು, ವಿಮರ್ಶಕರು ಕೇಳಿದ್ದನ್ನೇ ಬಿಡುಗಡೆ ಮಾಡೋಣ ಎಂದ. ಇಂಥ ಮಾತು ಬಂದಿರುವಾಗ ಹಾಡು ಸೇರಿಸಿದರೆ ಎಲ್ಲ ಮಣ್ಣುಪಾಲು, ಈಗಲೇ ಹೇಳಿ, ನಿಮ್ಮಿಬ್ಬರಲ್ಲಿ ಒಬ್ಬರು ಬೇಡ ಅಂದರೂ ಮಾಡುವುದಿಲ್ಲ ಎಂದೂ ಸೇರಿಸಿದ.

ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದ ನಮ್ಮ ಅಭ್ಯಾಸದ ಕೋಣೆಯಲ್ಲಿ ಸದ್ದು ಹೊರಗೆ ಹೋಗುವುದಿಲ್ಲ. ಮೌನವೂ ಹೋಗುವುದಿಲ್ಲ. ಡ್ರಮ್ಮಿನ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ನೆಲ ನೋಡುತ್ತ ಕೂತ. ಅವನಿಗೆ ಆಸೆಯಿತ್ತು. ಮೊದಲ ಸಲ ಒಳ್ಳೆಯ ಮಾತು ಕೇಳಿದವನು, ಆಸೆ ಇರದೆ ಹೇಗೆ? ಆದರೂ ಬೇಡ ಅನ್ನಬೇಕೆಂದೇ ನಾನು ಬಾಯಿ ತೆರೆದೆ. ಅದಕ್ಕೆ ಮೊದಲು ಒಂದು ವಿಷಯ ತಿಳಿಯಬೇಕಿತ್ತು.

"ಕಳಿಸೋಕೆ ಮುಂಚೆ ಕೇಳಿದ್ಯಾ?"

"ಕೇಳ್ದೆ ಅಕ್ಕ."

"ಎಷ್ಟು?"

"ಪೂರ್ತಿ ಕೇಳ್ದೆ. ಚೆನ್ನಾಗಿದೆ ಅಂತ ಇನ್ನೊಂದ್ಸಲಾನೂ ಕೇಳ್ದೆ."

"ಮತ್ತೆ?"

ಅವನು ಸುಳ್ಳು ಹೇಳಲಾರ, ಚಿಕ್ಕಂದಿನಿಂದಲೂ ಹಾಗೇ. "ನೀನಿಲ್ಲ ಅಂತ ಗೊತ್ತಾಗ್ಲಿಲ್ಲ," ಎಂದ.

ಬೇಕೆಂದೇ ಮಾಡಿದ್ದರೆ ಕಪಾಳಕ್ಕೆರಡು ಬಿಗಿದು ಸುಮ್ಮನಾಗುತ್ತಿದ್ದೆ. ಈಗ ಕೈ ಏಳಲಿಲ್ಲ. ತೊಟ್ಟಿಲಲ್ಲಿ ನನ್ನ ಹಾಡಿಲ್ಲದೆ ಕಣ್ಣು ಮುಚ್ಚದಿದ್ದವನು ಇವನು.

ಫೋನನ್ನು ನನ್ನತ್ತ ಎಳೆದುಕೊಂಡೆ.

"ಅವರು ಕೇಳಿದ್ದನ್ನೇ ಬಿಡುಗಡೆ ಮಾಡಿ," ಎಂದೆ. "ನನ್ನ ಹೆಸರು ಎಲ್ಲೂ ಹಾಕ್ಬೇಡಿ."

ಕಂಪನಿಯವನು ಧನ್ಯವಾದ ಹೇಳುತ್ತಿದ್ದ. ತಮ್ಮ ಎದ್ದು ನಿಂತು, ನೀನಿಲ್ಲದೆ ವೇದಿಕೆ ಹತ್ತುವುದು ಹೇಗೆ ಎಂದು ಕೇಳಿದ.

"ಎರಡು ಸಲ ಕೇಳಿ ಅಭ್ಯಾಸ ಮಾಡಿದೀಯಲ್ಲ," ಎಂದು ಹೇಳಿ ನಾನು ಹೊರಟೆ.